ಪುತ್ರಶೋಕ ಮತ್ತು ಪರಸೇವೆ

ಪುತ್ರಶೋಕವು ನಿರಂತರವೆಂದು ನಮ್ಮ ಹಿರಿಯರು ಹೇಳಿರುವರು. ಅದನ್ನು ಕಳೆಯುವ ಉಪಾಯವು ಯಾರಿಗೂ ತಿಳಿಯದು. ಆದರೆ ಅದನ್ನು ಹೊತ್ತು ಹೇಗೆ ನಡೆಯತಕ್ಕದ್ದೆಂಬುದಕ್ಕೆ ಅಮೆರಿಕೆಯ ಒಂದು ಮನೆತನವು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ವಾಚಕರು ಅದನ್ನು ಅರಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಉತ್ತರ ಕೆರೊಲಿನಾ ಸಂಸ್ಥಾನದ ಲೆವೆಲ್ ಕ್ರಾಸ್ ಎಂಬ ಊರಿನ ಪೆಟ್ಟಿ ಮನೆತನವು ಮೋಟಾರು ಪಂದ್ಯಗಳಿಗೆ ಹೆಸರಾದುದು. ಲೀ ಪೆಟ್ಟಿಯವರು 1959ರಲ್ಲಿ ನಡೆದ ಮೊತ್ತಮೊದಲ ಡೇಟೋನಾ 500 ಪಂದ್ಯವನ್ನು ಗೆದ್ದರು. ಅವರ ಮಗ ರಿಚರ್ಡರು 1992ರಲ್ಲಿ ನಿವೃತ್ತರಾಗುವುದರೊಳಗೆ 200 ಪಂದ್ಯಗಳನ್ನು ಗೆದ್ದು, ಏಳು ಬಾರಿ ಅಗ್ರಪದವಿಯನ್ನು ಪಡೆದರು. ಮೊಮ್ಮಗ ಕೈಲ್ ಅದೇ ವೃತ್ತಿಯನ್ನು ಹಿಡಿದರು. 2000ನೆಯ ಇಸವಿಯ ಏಪ್ರಿಲ್ 2ರಂದು ಮರಿಮಗ ಆಡಂ ಟೆಕ್ಸಾಸಿನಲ್ಲಿ ಮೊದಲ ದರ್ಜೆಯ ಪಂದ್ಯಕ್ಕೆ ಇಳಿದಾಗ ನಾಲ್ಕನೆಯ ತಲೆಮಾರೂ ಕಣಕ್ಕೆ ಬಂದಂತಾಯಿತು. ಮೂರು ದಿನಗಳ ಮೇಲೆ ಮುತ್ತಜ್ಜ ಲೀ ತೀರಿಕೊಂಡರು. ಮೇ 12ರಂದು ನ್ಯೂ ಹ್ಯಾಂಪ್‌ಷೈರಿನಲ್ಲಿ ಅಭ್ಯಾಸದ ಓಟ ನಡೆದಿರುವಾಗ ಆಡಂನ ಕಾರು ಗೋಡೆಗೆ ಬಡಿಯಿತು. ಹತ್ತೊಂಬತ್ತು ವರ್ಷದ ತರುಣನು ಅಸುನೀಗಿದನು.

ಫ್ಲಾರಿಡಾದಲ್ಲಿ ಕಠಿಣ ರೋಗಗಳಿಂದ ನರಳುವ ಮಕ್ಕಳ ಶಿಬಿರವೊಂದನ್ನು ಕಂಡುಬಂದಿದ್ದ ಆಡಂ, ಅಂಥದೊಂದು ತಮ್ಮ ಪ್ರಾಂತದಲ್ಲಿಯೂ ಆಗಬೇಕೆಂದು ಆಶಿಸಿದ್ದನು. ತಂದೆತಾಯಿಗಳಾದ ಕೈಲ್ ಮತ್ತು ಪ್ಯಾಟಿ ಆ ಆಶೆಯನ್ನೇ ಮಗನ ಸ್ಮಾರಕವನ್ನಾಗಿ ಮಾಡಿದರು. ಅಜ್ಜ ರಿಚರ್ಡರ ಕುಟುಂಬವು ಭೂಮಿಯನ್ನು ಕೊಟ್ಟಿತು. ತಂದೆಯು ಮಗನ 45ನೆಯ ಸಂಖ್ಯೆಯ ಕಾರನ್ನು ತಾನೇ ಓಡಿಸಿದನು. ಸಹಸ್ಪರ್ಧಿಗಳೂ ಅಭಿಮಾನಿಗಳೂ ಧನಸಹಾಯವನ್ನಿತ್ತರು. 2004ರಲ್ಲಿ ರ‍್ಯಾಂಡಲ್‌ಮನ್ ಎಂಬಲ್ಲಿ 'ವಿಕ್ಟರಿ ಜಂಕ್ಷನ್' ತೆರೆಯಿತು. ಅಲ್ಲಿಗೆ ಬರುವ ಮಕ್ಕಳ ಕುಟುಂಬದವರಿಂದ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ.

ದಾನದ ಮೊತ್ತಕ್ಕಿಂತ ದಾನದ ರೀತಿಯೇ ನಮಗೆ ಹೆಚ್ಚು ಶ್ಲಾಘ್ಯವಾಗಿ ತೋರುತ್ತದೆ. ಬಹುಕಾಲ ಕಾಯಿಲೆ ಬಿದ್ದ ಮಗುವನ್ನು ಲೋಕವು ಕಾಯಿಲೆಯೆಂದೇ ಎಣಿಸುವುದು. ಅದು ಮಗುವೆಂಬುದನ್ನು ಮರೆಯುವುದು. ಈ ಶಿಬಿರದಲ್ಲಿ ವೈದ್ಯರೂ ದಾದಿಯರೂ ಉಂಟು. ಆದರೆ ಕಟ್ಟಡಗಳಿಗೆ ಪಂದ್ಯದ ಕಾರುಖಾನೆಯ ಅಂದವನ್ನು ಕೊಟ್ಟಿರುವರು. ಗಾಲಿಕುರ್ಚಿಯಲ್ಲಿ ಕುಳಿತ ಮಗುವೂ ಅಲ್ಲಿ ನೀರಾಟಕ್ಕೆ ಇಳಿಯಬಲ್ಲದು. ಔಷಧದಷ್ಟೇ ಆಟವೂ ಮಗುವಿನ ಹಕ್ಕೆಂಬ ತತ್ತ್ವವು ಇಲ್ಲಿ ಕಾರ್ಯರೂಪಕ್ಕೆ ಬಂದಿದೆ. ಸ್ವತಃ ಪಂದ್ಯಪಟುವಾಗಿದ್ದ ಚಿತ್ರನಟ ಪಾಲ್ ನ್ಯೂಮನ್ 1988ರಲ್ಲಿ ಕನೆಕ್ಟಿಕಟ್ಟಿನಲ್ಲಿ ತೆರೆದ ಶಿಬಿರವೇ ಇಂಥ ಪ್ರಯತ್ನಗಳಿಗೆ ದಾರಿದೀಪವಾಯಿತು.

ಒಂದು ಆಕ್ಷೇಪವುಂಟು. ತರುಣನನ್ನು ಬಲಿಗೊಂಡ ಕ್ರೀಡೆಯೇ ಅವನ ಹೆಸರಿನಲ್ಲಿ ಪುಣ್ಯವನ್ನು ಗಳಿಸುವುದೆ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸಲ್ಲದು. ಎಂಟು ವಾರಗಳೊಳಗೆ ಅದೇ ಮಾರ್ಗದ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್ ಮಡಿದರು. 2001ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಪ್ರಖ್ಯಾತ ಡೇಲ್ ಅರ್ನ್‌ಹಾರ್ಟ್ ಮಡಿದರು. ತಲೆ ಮತ್ತು ಕೊರಳುಗಳನ್ನು ಕಾಯುವ ಕಟ್ಟು ಆ ವರ್ಷದ ಅಕ್ಟೋಬರಿನಲ್ಲಷ್ಟೇ ಕಡ್ಡಾಯವಾಯಿತು. ಇಷ್ಟು ತಡವೇಕೆಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ. ಆದರೆ ಆ ಉತ್ತರವನ್ನು ಕೊಡಬೇಕಾದವರು ಕ್ರೀಡೆಯ ಆಡಳಿತಗಾರರು. ಮಗನನ್ನು ಕಳೆದುಕೊಂಡ ಮನೆಯವರಲ್ಲ. ದಾನವು ಎಚ್ಚರಿಕೆಗೆ ಬದಲಾಗದು. ಎಚ್ಚರಿಕೆಯು ಕರುಣೆಗೆ ಬದಲಾಗದು. ಎರಡೂ ಬೇಕು.

ಪೆಟ್ಟಿ ಮನೆತನವು ಗೆದ್ದ ಪದಕಗಳು ಅವರ ಮನೆಯ ಸೊತ್ತು. ಶಿಬಿರವಾದರೋ, ಅವರು ಕಂಡರಿಯದ ಮಕ್ಕಳ ಸೊತ್ತು. ಅಗಲಿದವರ ಹೆಸರನ್ನು ಉಳಿಸಬಯಸುವ ಸ್ಥಿತಿವಂತರು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಒಮ್ಮೆ ಯೋಚಿಸಲಿ. ಕಲ್ಲಿನ ಹೆಸರನ್ನು ದಾರಿಹೋಕನು ಓದಿ ಮರೆಯುವನು. ನಕ್ಕ ಮಗುವಿನ ತಾಯಿಯು ಮರೆಯಳು.