ಕಲಿಸದ ಪಾಠಕ್ಕೆ ಪರೀಕ್ಷೆ

ಪದವಿ ಪರೀಕ್ಷೆಗಳ ವೇಳಾಪಟ್ಟಿ ಪ್ರಕಟವಾದೊಡನೆ ನಮ್ಮ ನಾಡಿನ ವಿದ್ಯಾವಂತರಿಗೆಲ್ಲ ವಿದ್ಯಾರ್ಥಿಗಳ ಶ್ರದ್ಧೆಯ ಚಿಂತೆ ಹತ್ತಿಕೊಳ್ಳುತ್ತದೆ. ಇಂದಿನ ಹುಡುಗರು ಗ್ರಂಥವನ್ನು ಮುಟ್ಟುವುದಿಲ್ಲ, ಮೊಬೈಲನ್ನು ಬಿಡುವುದಿಲ್ಲ, ಇನ್ನೆಂಟು ದಿನವಿರುವಾಗ ಗೈಡನ್ನು ಕೊಂಡು ಉರುಹೊಡೆದು ಪಾಸಾಗುವ ಹವಣಿಕೆಯಲ್ಲಿರುತ್ತಾರೆ ಎಂಬ ಆಕ್ಷೇಪವನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಕಲಿಸದ ಪಾಠಕ್ಕೆ ಸಿದ್ಧರಾಗಿರೆಂದು ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮದಂತೆ ವರ್ಷಕ್ಕೆ 180 ದಿನ, ಎಂದರೆ ಸೆಮಿಸ್ಟರಿಗೆ 90 ದಿನ, ಬೋಧನೆ ನಡೆಯತಕ್ಕದ್ದು. ಆ 90 ದಿನಗಳು ಎಲ್ಲಿ ಹೋದುವು? ನಮ್ಮ ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಪ್ರತಿ ವರ್ಷವೂ ಅವರ ಸೇವೆಯನ್ನು ಮುಗಿಸಿ, ಹೊಸದಾಗಿ ಅರ್ಜಿ ಕರೆದು, ಪಟ್ಟಿ ತಯಾರಿಸಿ, ಕೌನ್ಸೆಲಿಂಗ್ ನಡೆಸುವಷ್ಟರಲ್ಲಿ, ತೆರೆದ ತರಗತಿಗಳಲ್ಲಿ ಅಧ್ಯಾಪಕರಿಲ್ಲದೆ ದಿನಗಳು ಉರುಳುತ್ತವೆ. 2023ರ ನವೆಂಬರಿನಲ್ಲಿ ಅವರು ಸೇವಾಭದ್ರತೆಗಾಗಿ ತರಗತಿಗಳನ್ನು ತೊರೆದು ಬೀದಿಗಿಳಿದಾಗ ಅನೇಕ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು. ಅವರ ಬೇಡಿಕೆ ನ್ಯಾಯವಾದುದೇ ಆಗಿತ್ತು.

ಆ ಚಳಿಗಾಲದಲ್ಲಿ, ಬೆಳಗಿನ ಏಳು ಗಂಟೆಯ ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿಬರುತ್ತಿದ್ದ ನಮ್ಮ ನೆರೆಯ ಹುಡುಗಿಯೊಬ್ಬಳು ತನ್ನ ಅರ್ಥಶಾಸ್ತ್ರದ ನೋಟುಪುಸ್ತಕವನ್ನು ನನಗೆ ತೋರಿಸಿದಳು. ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂಬ ಶೀರ್ಷಿಕೆಯ ಕೆಳಗೆ, ಸ್ಕೇಲಿಟ್ಟು ಎಳೆದ ಎರಡು ಅಕ್ಷಗಳಿದ್ದುವು; ಒಂದರ ಪಕ್ಕದಲ್ಲಿ ಬೆಲೆ, ಇನ್ನೊಂದರಡಿಯಲ್ಲಿ ಪ್ರಮಾಣ. ನಡುವಣ ರೇಖೆಯನ್ನು ಎಳೆದಿರಲಿಲ್ಲ. ಮುಂದಿನ ಪುಟಗಳೆಲ್ಲ ಖಾಲಿ. ಈಕೆ ಜೆರಾಕ್ಸ್ ಅಂಗಡಿಯಲ್ಲಿ ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಹಾಳೆಯನ್ನು ಕೊಂಡುದು ಅಪರಾಧವೆನ್ನುವವರು, ಅವಳು ಇನ್ನೇನು ಮಾಡಬೇಕಿತ್ತೆಂಬುದನ್ನೂ ಹೇಳಬೇಕು.

ಗ್ರಂಥಾಲಯಕ್ಕೆ ಹೋಗಬೇಕಿತ್ತೆ? ಕನ್ನಡ ಮಾಧ್ಯಮದ ವಿದ್ಯಾರ್ಥಿನಿಗೆ ಅಲ್ಲಿ ಯಾವ ಗ್ರಂಥವನ್ನು ಇರಿಸಿದ್ದೇವೆ? ಕುವೆಂಪುರವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ಕಾಲೇಜು ಶಿಕ್ಷಣವು ಕನ್ನಡದಲ್ಲಿಯೇ ನಡೆಯಬೇಕೆಂದು ಹಟ ತೊಟ್ಟು, ಅದಕ್ಕೆ ತಕ್ಕ ಪುಸ್ತಕಗಳ ರಚನೆಗೆ ಬಲ ಕೊಟ್ಟರು. ಆ ಪರಂಪರೆಯ ವಾರಸುದಾರರಾದ ನಮ್ಮ ವಿಶ್ವವಿದ್ಯಾನಿಲಯಗಳು, ಪಠ್ಯಕ್ರಮವನ್ನು ಮಾತ್ರ ಪದೇ ಪದೇ ಬದಲಿಸಿ, ಅದಕ್ಕನುಗುಣವಾದ ಕನ್ನಡ ಪುಸ್ತಕಗಳನ್ನು ಬರೆಯಿಸುವ ಹೊಣೆಯನ್ನು ಗೈಡು ಮುದ್ರಕರಿಗೆ ಒಪ್ಪಿಸಿ ಕುಳಿತಿವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರತಿ ಸಲವೂ ಹೊಸ ಪಠ್ಯಕ್ಕೆ ಮೊದಲು ಕನ್ನಡದಲ್ಲಿ ಕೈಗೆ ಸಿಕ್ಕುವುದು ಗೈಡೇ. ಕನ್ನಡದ ಮಕ್ಕಳಿಗೆ ಕನ್ನಡದ ಗ್ರಂಥವನ್ನು ಕೊಡಲಾರದ ಸಂಸ್ಥೆಗಳು ನವೆಂಬರ್ ಒಂದರಂದು ಧ್ವಜವನ್ನು ಹಾರಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹುಡುಗರಲ್ಲಿ ಸೋಮಾರಿಗಳಿಲ್ಲವೆನ್ನುವುದಿಲ್ಲ, ಅವರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ತರಗತಿಯಲ್ಲಿ ಹಾಜರಾತಿ ಶೇಕಡಾ 75 ಇಲ್ಲದ ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ಹೊರಗಿಡುವ ನಿಯಮವಿರುವ ನಾಡಿನಲ್ಲಿ, ಅಧ್ಯಾಪಕರನ್ನೇ ಒದಗಿಸದ ಸರ್ಕಾರವನ್ನು ಪ್ರಶ್ನಿಸುವ ನಿಯಮವೊಂದೂ ಕಾಣೆ. ಪರೀಕ್ಷೆಯ ವೇಳಾಪಟ್ಟಿಯನ್ನು ಹೊರಡಿಸುವ ಮುನ್ನ, ಯಾವ ಕಾಲೇಜಿನಲ್ಲಿ ಯಾವ ವಿಷಯದ ಪಾಠ ಎಷ್ಟು ದಿನ ನಡೆಯಿತೆಂಬ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾನಿಲಯವೂ ಪ್ರಕಟಿಸಲಿ. 90 ದಿನ ತುಂಬದ ಕಡೆ ಮೊದಲು ಪಾಠವನ್ನು ಪೂರೈಸಿ, ಅನಂತರ ಪರೀಕ್ಷೆಯನ್ನು ನಡೆಸಲಿ.