ಬಡ್ಡಿ ತೆತ್ತವರ ಹೆಸರು ಎಲ್ಲಿದೆ?

ಯೆಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳು ಬಡ್ಡಿಯನ್ನು ನಿಷೇಧಿಸಿದವು. ಭಾರತೀಯ ಧರ್ಮಗಳು ಅದಕ್ಕೆ ಆಕ್ಷೇಪವೆತ್ತಲಿಲ್ಲ. ಆದ್ದರಿಂದ ಜೈನ ವಣಿಕರು ನಿರಾತಂಕವಾಗಿ ಲೇವಾದೇವಿ ನಡೆಸಿದರು. ಈ ಮಾತು ಸಂಶೋಧನ ಪ್ರಬಂಧಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಕೆಲವರು ಇದನ್ನು ಆರೋಪವಾಗಿ ಮುಂದಿಟ್ಟರೆ, ನಮ್ಮ ಸಮಾಜದವರೇ ಕೆಲವರು ಸಮರ್ಥನೆಯಾಗಿ ಬಳಸುತ್ತಾರೆ. ಇಬ್ಬರೂ ಆಕರಗಳನ್ನು ಅರ್ಧಕ್ಕೇ ಓದಿ ನಿಲ್ಲಿಸಿದ್ದಾರೆ ಎಂಬುದು ನನ್ನ ವಾದ.

ಮೊದಲಿಗೆ ಈ ವಿಭಜನೆಯೇ ಸರಿಯಲ್ಲ. ಬೈಬಲಿನ ಧರ್ಮೋಪದೇಶಕಾಂಡವು ಸ್ವಜನರಿಂದ ಬಡ್ಡಿ ಪಡೆಯಬಾರದೆಂದು ವಿಧಿಸಿ, ಪರಕೀಯರಿಂದ ಪಡೆಯಲು ಅವಕಾಶ ನೀಡುತ್ತದೆ. ಇತ್ತ ವಸಿಷ್ಠ ಧರ್ಮಸೂತ್ರವು ಬ್ರಹ್ಮಹತ್ಯೆಯನ್ನೂ ಬಡ್ಡಿಯನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಬಡ್ಡಿಯ ಪಾಪವೇ ಭಾರವೆನ್ನುತ್ತದೆ. ಆಕ್ಷೇಪವಿಲ್ಲದಿದ್ದುದು ಎಲ್ಲಿ?

ಆಕ್ಷೇಪದ ಪಕ್ಕದಲ್ಲಿಯೇ ದರಪಟ್ಟಿಯೂ ಇದೆ ಎಂಬುದು ನಿಜ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಅಸಲಿನ 80ನೆಯ ಒಂದು ಭಾಗ, ಅಂದರೆ ವರ್ಷಕ್ಕೆ ನೂರಕ್ಕೆ 15. ಅಡವಿಲ್ಲದಿದ್ದರೆ ವರ್ಣಾನುಕ್ರಮದಲ್ಲಿ ತಿಂಗಳಿಗೆ ನೂರಕ್ಕೆ 2, 3, 4, 5. ಲೆಕ್ಕ ಹಾಕಿ ನೋಡಿ: ಬ್ರಾಹ್ಮಣನಿಗೆ ವರ್ಷಕ್ಕೆ 24, ಶೂದ್ರನಿಗೆ 60. ಒಮ್ಮೆಗೇ ತೀರಿಸುವ ಹಣದ ಸಾಲ ಅಸಲಿನ ಎರಡರಷ್ಟನ್ನು ಮೀರಬಾರದೆಂಬ ಮನುವಿನ ನಿಯಮ ಸಾಲಗಾರನಿಗೆ ದೊಡ್ಡ ರಕ್ಷಣೆಯೇ ಸರಿ. ಆದರೆ ಅಡವಿಡಲು ಏನೂ ಇಲ್ಲದ ಶೂದ್ರನೇ ಆ ಮಿತಿಯನ್ನು ಎಲ್ಲರಿಗಿಂತ ಬೇಗ ಮುಟ್ಟುತ್ತಿದ್ದ.

ಇನ್ನು ನಮ್ಮ ಮನೆಯ ಮಾತು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಸ್ಥನ ಕಥೆಯಿದೆ. ಅವನ ಬಳಿ ನಾಲ್ಕು ಕೋಟಿ ಹಿರಣ್ಯ ಭಂಡಾರದಲ್ಲಿ, ನಾಲ್ಕು ಕೋಟಿ ಬಡ್ಡಿಯಲ್ಲಿ, ನಾಲ್ಕು ಕೋಟಿ ಗೃಹಸಂಪತ್ತಿನಲ್ಲಿ ತೊಡಗಿತ್ತು. ಅಲ್ಲಿ ಬಡ್ಡಿಗೆ ಬಳಕೆಯಾದ ಪ್ರಾಕೃತದ 'ವಡ್ಢಿ'ಯೂ ನಮ್ಮ 'ಬಡ್ಡಿ'ಯೂ ಒಂದೇ ಬೇರಿನವು; ಎರಡಕ್ಕೂ ಮೂಲ 'ವೃದ್ಧಿ'. ಸಮರ್ಥಕರು ಇಲ್ಲಿಗೆ ಗ್ರಂಥವನ್ನು ಮುಚ್ಚುತ್ತಾರೆ. ಮುಂದೆ ಓದಿದರೆ, ಆನಂದ ಮಹಾವೀರನ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿ ಇದೇ ಮೊತ್ತವನ್ನು ತನ್ನ ಪರಿಗ್ರಹದ ಗರಿಷ್ಠ ಮಿತಿಯಾಗಿ ಘೋಷಿಸುತ್ತಾನೆ. ಗಡಿ ನಿಗದಿಯಾದ ಮೇಲೆ ಬಂದ ವೃದ್ಧಿ ಅವನ ಬಳಿ ಉಳಿಯುವಂತಿಲ್ಲ. ಬಡ್ಡಿಯನ್ನು ಉಲ್ಲೇಖಿಸಿ ಮಿತಿಯನ್ನು ಕೈಬಿಡುವುದು ಆಗಮಕ್ಕೆ ಮಾಡುವ ಅಪಚಾರ.

ಆದರೂ ಒಂದು ಕೊರತೆಯನ್ನು ಮುಚ್ಚಿಡಲಾಗದು. ಈ ವ್ರತ ಸಾಲ ಕೊಟ್ಟವನ ಆತ್ಮವನ್ನು ಲೋಭದಿಂದ ಕಾಯುತ್ತದೆ. ಸಾಲ ಪಡೆದವನ ಹೊಲವನ್ನು ಕಾಯುವುದಿಲ್ಲ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಕಾಡು ಕಡಿಯುವುದು, ದಂತ ಹಾಗೂ ವಿಷದ ವ್ಯಾಪಾರ, ಕೆರೆ ಬತ್ತಿಸುವುದು ಎಲ್ಲವೂ ಇವೆ. ಬಡ್ಡಿ ವ್ಯವಹಾರ ಇಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅತಿಸಂಗ್ರಹವನ್ನೂ ಅತಿಲೋಭವನ್ನೂ ಅತಿಚಾರಗಳೆಂದು ಎಣಿಸುತ್ತದೆ. ನ್ಯಾಯವಾದ ದರ ಯಾವುದೆಂದು ಹೇಳುವುದಿಲ್ಲ. ಕೆರೆಯ ಜಲಚರಗಳಿಗೆ ಮರುಗಿದ ಧರ್ಮ ಋಣಭಾರದಲ್ಲಿ ಬತ್ತುವ ಮನುಷ್ಯನನ್ನು ಪ್ರತ್ಯೇಕವಾಗಿ ಹೆಸರಿಸದೆ ಹೋಯಿತೇಕೆ ಎಂದು ನಾವೇ ಕೇಳಬೇಕು.

ಕನ್ನಡ ಶಾಸನಗಳನ್ನು ಓದುವವರಿಗೂ ಇದೇ ಪ್ರಶ್ನೆ ಎದುರಾಗಬೇಕು. ಕೆಲವು ಗದ್ಯಾಣಗಳನ್ನು ಇಟ್ಟು, ಅವುಗಳ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಹಾಲು ಸಲ್ಲಬೇಕೆಂದು ವಿಧಿಸುವ 13ನೆಯ ಶತಮಾನದ ದತ್ತಿಗಳು ಶ್ರವಣಬೆಳಗೊಳದಲ್ಲಿವೆ. ದಾನಿಯ ಹೆಸರನ್ನು ಗುರುತಿಸುತ್ತೇವೆ, ಹಾಲಿನ ಅಳತೆಯನ್ನು ಲೆಕ್ಕ ಹಾಕುತ್ತೇವೆ, ಔದಾರ್ಯವನ್ನು ಕೊಂಡಾಡುತ್ತೇವೆ. ಆ ಗದ್ಯಾಣಗಳನ್ನು ದುಡಿಸಿ ಬಡ್ಡಿ ತೆತ್ತವನು ವರ್ತಕನೋ ಒಕ್ಕಲಿಗನೋ ಎಂದು ವಿಚಾರಿಸುವುದಿಲ್ಲ. ಲಾಭ ತಂದ ವರ್ತಕನ ಸಾಲ ಬೇರೆ, ಬರಗಾಲದ ಬೀಜಕ್ಕೆಂದು ಎತ್ತಿದ ಸಾಲ ಬೇರೆ. ಇವೆರಡನ್ನೂ 'ಬಡ್ಡಿ' ಎಂಬ ಒಂದೇ ಪದದಡಿ ಸೇರಿಸಿ ತೀರ್ಪು ಕೊಡುವ ಸಂಶೋಧನೆ, ನಿಂದೆಯಾದರೂ ಸ್ತುತಿಯಾದರೂ, ಇತಿಹಾಸವಾಗದು.

ಆಚಾರಗ್ರಂಥಗಳು ಬಡ್ಡಿಯನ್ನು ಹೆಚ್ಚಾಗಿ ಪಡೆಯುವವನ ಪಾಪಪುಣ್ಯದ ವಿಷಯವಾಗಿಯೇ ಕಂಡವು. ಆ ದೃಷ್ಟಿಯನ್ನೇ ಮುಂದುವರಿಸುವ ಹಂಗು ಸಂಶೋಧಕನಿಗಿಲ್ಲ. ಇನ್ನೊಂದು ದತ್ತಿಶಾಸನವನ್ನು ಓದಲು ಕುಳಿತಾಗ, ಕೊಟ್ಟವರ ಸಾಲುಗಳು ಮುಗಿದ ಮೇಲೆ, ತೆತ್ತವರನ್ನು ಹುಡುಕಿರಿ.