ಮನೆಯಿಂದ ಕಣಕ್ಕೆ ಎಳೆಯುವ ತಂತಿ

ಕಳೆದ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ಸದಸ್ಯರೊಬ್ಬರು ಒಂದು ಸಲಹೆ ಮುಂದಿಟ್ಟರು. ತೋಟದ ಮನೆಗಳಿಗೆ ಈಗ ಇಂಟರ್‌ನೆಟ್ ಬಂದಿದೆ. ಅದನ್ನು ಕಣದ ಗೋದಾಮಿಗೋ, ಪಲ್ಪರ್ ಮನೆಗೋ, ಪಂಪ್ ಶೆಡ್ಡಿಗೋ ಒಯ್ಯಲು ಹತ್ತಾರು ಮಂದಿ ಕೇಬಲ್ ಹುಡುಕುತ್ತಿದ್ದಾರೆ. ಸಂಘವೇ ಸಗಟಿನಲ್ಲಿ ಅಗ್ಗದ ಸುರುಳಿಗಳನ್ನು ತರಿಸಿ ಗೊಬ್ಬರ, ಮೈಲುತುತ್ತಗಳ ಜೊತೆಗೆ ಯಾಕೆ ಮಾರಬಾರದು ಎಂಬುದು ಅವರ ಪ್ರಶ್ನೆ. ಸಲಹೆ ಒಳ್ಳೆಯದೇ. ಆದರೆ 'ಅಗ್ಗದ' ಎಂಬ ಒಂದು ಮಾತಿಗೆ ನಾವು ಅಲ್ಲೇ ವಿರೋಧ ಹೇಳಿದೆವು. ಕಾರಣ ವಿವರಿಸಲು ಅಂದು ಹೊತ್ತಿರಲಿಲ್ಲ, ಊಟದ ವೇಳೆ ಮೀರಿತ್ತು. ಆದ್ದರಿಂದ ಈ ಪುಟವನ್ನು ಅದಕ್ಕೆ ಬಳಸಿಕೊಳ್ಳುತ್ತಿದ್ದೇವೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುತ್ತೇವೆ. 2020ರಲ್ಲಿ ಬೆಂಗಳೂರಿನ ಕಚೇರಿಗಳು ಮುಚ್ಚಿದಾಗ ನಮ್ಮ ಮಗಳು ಊರಿಗೆ ಬಂದಳು. ಬಂದವಳು ನಿಂತಳು. ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು, ಆಮೇಲೆ ಕಂಪೆನಿಯ ಕೆಲಸ. ಮನೆಯೊಳಗೆ ಕುಳಿತು ಮಾಡಬಹುದಿತ್ತು ಎಂದು ನಿಮಗನ್ನಿಸಬಹುದು. ಶನಿವಾರದ ಬಟವಾಡೆ, ಬಂದುಹೋಗುವ ನೆಂಟರು, ಅಡುಗೆಮನೆಯ ಮಿಕ್ಸಿ, ಇವುಗಳ ನಡುವೆ ಅದು ಆಗುವ ಮಾತಲ್ಲ. ಕಣದ ಪಕ್ಕದ ಹಳೆ ಗೋದಾಮಿನ ಅರ್ಧಕ್ಕೆ ಹಲಗೆ ಹೊಡೆಸಿ ಅವಳಿಗೆ ಕೋಣೆ ಮಾಡಿಕೊಟ್ಟೆವು. ಉಳಿದ ಅರ್ಧದಲ್ಲಿ ಚೆರ್ರಿ ಮೂಟೆಗಳು. ಅವುಗಳ ಕಾವಲಿಗೆ ಒಂದು ಕ್ಯಾಮೆರಾ. ಎರಡಕ್ಕೂ ಬೇಕಾದದ್ದು ಮನೆಯಿಂದ ಒಂದು ಕೇಬಲ್. ನೆಟ್ ನಿಂತ ದಿನ ಅವಳು ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ. ಮಕ್ಕಳು ಊರಲ್ಲಿ ಉಳಿಯುವುದು ಬಿಡುವುದು ಇಂಥ 240 ಅಡಿಯ ಮೇಲೆ ನಿಂತಿರುತ್ತದೆಂದು ನಾವು ಮೊದಲು ಎಣಿಸಿರಲಿಲ್ಲ.

2021ರ ಜನವರಿಯಲ್ಲಿ ಪೇಟೆಯ ಅಂಗಡಿಯೊಂದರಿಂದ ಬೂದು ಬಣ್ಣದ ಕೇಬಲ್ ತಂದೆವು. ಅದು ಮನೆಯೊಳಗೆ ಗೋಡೆಗೆ ಹೊಡೆಯುವ ಕೇಬಲ್ ಎಂದು ಕೊಟ್ಟವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಡಿಕೆ ಮರದಿಂದ ಮರಕ್ಕೆ ಕಟ್ಟಿ ಒಯ್ದದ್ದಾಯಿತು. ಆ ಬೇಸಿಗೆಯ ಬಿಸಿಲಿಗೇ ಅದರ ಪಿ.ವಿ.ಸಿ. ಸಿಪ್ಪೆ ಬಿರಿಯತೊಡಗಿತು. ಜೂನಿನ ಮಳೆ ಹಿಡಿದ ಹದಿನೈದು ದಿನಕ್ಕೆ ನೆಟ್ ಕುಂಟತೊಡಗಿತು. ಜುಲೈಯಲ್ಲಿ ಒಂದು ಬೆಳಿಗ್ಗೆ ನೋಡುತ್ತೇವೆ, ಗೋದಾಮಿನೊಳಗೆ ಕೇಬಲ್ಲಿನ ತುದಿಯಿಂದ ಮೇಜಿನ ಮೇಲೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದೆ! ಹೆಂಚು ಸೋರುತ್ತಿದೆಯೆಂದು ಆಳನ್ನು ಮಾಡಿಗೆ ಹತ್ತಿಸಿದೆವು. ಹೆಂಚು ಸರಿಯಾಗಿಯೇ ಇತ್ತು. ಸಿಪ್ಪೆ ಬಿರಿದಲ್ಲಿ ಒಳಹೊಕ್ಕ ಮಳೆನೀರು ತಂತಿಗಳ ಸಂದಿಯಲ್ಲೇ ಹರಿದು ಇಳಿಜಾರಿನ ತುದಿಗೆ ಬಂದಿತ್ತು. ದೋಣಿ ಕಟ್ಟಿ ತೋಟಕ್ಕೆ ನೀರು ಹಾಯಿಸುವ ನಾವು, ದುಡ್ಡು ಕೊಟ್ಟು ಮನೆಯೊಳಗೇ ನೀರು ಹಾಯಿಸಿಕೊಂಡಿದ್ದೆವು.

ಆ ವರ್ಷದ ಕೊಯ್ಲು ಮುಗಿಸಿ ಎರಡನೆಯ ಕೇಬಲ್ ತಂದೆವು. ಈ ಸಲ ಕಪ್ಪು ಸಿಪ್ಪೆ, ಹೊರಾಂಗಣಕ್ಕೆಂದೇ ಅಚ್ಚು ಹಾಕಿದ್ದು, ಬೆಲೆಯೂ ಹಗುರ. ಇಬ್ಬರು ಆಳುಗಳು ಮೂರು ದಿನ ಕಾಲುವೆ ತೋಡಿದರು. ಕಾಲುವೆ ಹೇಗೂ ಇದೆಯೆಂದು ಮೋಟಾರಿನ ಲೈನಿನ ಪೈಪಿನೊಳಗೇ ಇದನ್ನೂ ತೂರಿಸಿದೆವು. ಅದು ತಪ್ಪು ಮಾತ್ರವಲ್ಲ, ಅಪಾಯ. ಕರೆಂಟಿನ ತಂತಿಯ ಸಿಪ್ಪೆ ಎಲ್ಲಾದರೂ ಕೆಟ್ಟರೆ ಮೇಜಿನ ಮೇಲಿನ ಯಂತ್ರಕ್ಕೆ 230 ವೋಲ್ಟ್ ಬರುತ್ತದೆ. ಆದರೆ ಆಗ ನಮಗೆ ಕಂಡ ತೊಂದರೆ ಬೇರೆ. ಹಗಲೆಲ್ಲ ನೋಡುತ್ತಿದ್ದ ಕ್ಯಾಮೆರಾ ಸಂಜೆ ಏಳಾಯಿತೆಂದರೆ ಕುರುಡಾಗುತ್ತಿತ್ತು. ಕಳ್ಳನಿಗೆ ಬೇಕಾದದ್ದೂ ಅಷ್ಟೇ ತಾನೆ.

ಇದರ ಗುಟ್ಟು ಹೇಳಿದವನು ಒಬ್ಬ ಹುಡುಗ, ಊರಿಗೆ ಟಿ.ವಿ. ಕೇಬಲ್ ಎಳೆಯುವವನು. ಆ ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತು ಕೂಡ ಅದೇ ನೆಟ್ ಕೇಬಲ್ಲಿನಲ್ಲೇ ಹೋಗುತ್ತದೆ. ಕತ್ತಲಾದಾಗ ಅದು ತನ್ನ ರಾತ್ರಿದೀಪ ಹಚ್ಚಿಕೊಂಡು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ತಂತಿಗೆ ಅಷ್ಟನ್ನು ಸಾಗಿಸುವ ಶಕ್ತಿ ಇಲ್ಲದಿದ್ದರೆ ಆರಿಹೋಗುತ್ತದೆ. ಹುಡುಗ ಜೇಬಿನಿಂದ ಚಾಕು ತೆಗೆದು ತಂತಿಯನ್ನು ಕೆರೆದು ತೋರಿಸಿದ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟದ್ದು. ಪೇಟೆಯಲ್ಲಿ ಇದಕ್ಕೆ ಸಿ.ಸಿ.ಎ. ಎನ್ನುತ್ತಾರೆ. ಶುದ್ಧ ತಾಮ್ರಕ್ಕಿಂತ ಇದರ ತಡೆ ಸುಮಾರು ಒಂದೂವರೆ ಪಟ್ಟು ಹೆಚ್ಚು. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ನೆಟ್ ಕೇಬಲ್ಲಿನ ಅಂಗೀಕೃತ ಮಾನದಂಡಕ್ಕೆ ಇದು ಒಳಪಡುವುದೂ ಇಲ್ಲ.

ನಮಗೆ ನಾಚಿಕೆಯಾದದ್ದು ಇಲ್ಲಿ. ಬೋರ್ಡೋ ದ್ರಾವಣ ಕದಡಿದ ಮೇಲೆ ಕತ್ತಿಯ ಮೊನೆ ಅದ್ದಿ, ಕೆಂಪು ಲೇಪ ಹಿಡಿಯಿತೋ ಇಲ್ಲವೋ ಎಂದು ನೋಡದೆ ನಮ್ಮಲ್ಲಿ ಯಾರೂ ಕೊಳೆಮದ್ದು ಹೊಡೆಸುವುದಿಲ್ಲ. ಲೇಪ ಹಿಡಿದರೆ ಸುಣ್ಣ ಸಾಲದು ಎಂದು ಶಾಲೆಗೆ ಹೋಗದ ಆಳಿಗೂ ಗೊತ್ತು. ತಾಮ್ರದ ವಿಷಯದಲ್ಲಿ ಇಷ್ಟು ಜಾಣರಾದ ನಾವು ತಾಮ್ರದ ತಂತಿ ಕೊಳ್ಳುವಾಗ ಕತ್ತಿ ಮುಟ್ಟಿಸಲಿಲ್ಲ.

ಕ್ಯಾಮೆರಾಕ್ಕೆ ಗೋದಾಮಿನಲ್ಲೇ ಬೇರೆ ಕರೆಂಟು ಕೊಟ್ಟು ಹೇಗೋ ಸುಧಾರಿಸಿದೆವು. 2023ರ ಏಪ್ರಿಲ್‌ನಲ್ಲಿ ಹೂಮಳೆಯ ಜೊತೆ ಬಂದ ಸಿಡಿಲು ಕಣದ ಮೇಲಿನ ಸಿಲ್ವರ್ ಮರಕ್ಕೆ ಹೊಡೆಯಿತು. ಕೇಬಲ್ಲಿಗೆ ಮುಟ್ಟಲೂ ಇಲ್ಲ. ಆದರೂ ಮನೆಯ ರೂಟರ್, ಗೋದಾಮಿನ ಸ್ವಿಚ್, ಕ್ಯಾಮೆರಾದ ರೆಕಾರ್ಡರ್, ಮಗಳ ಕಂಪ್ಯೂಟರ್, ನಾಲ್ಕೂ ಒಂದೇ ಕ್ಷಣದಲ್ಲಿ ಸುಟ್ಟವು. ಆಕೆ ಕೋಣೆಯಲ್ಲಿರಲಿಲ್ಲ, ಕಾಫಿಗೆಂದು ಮನೆಗೆ ಬಂದಿದ್ದಳು. ಆ ಬಗ್ಗೆ ನಮ್ಮ ಮನೆಯವರು ಇಂದಿಗೂ ಮಾತೆತ್ತಲು ಬಿಡುವುದಿಲ್ಲ.

ಇದು ಯಾಕಾಯಿತೆಂಬುದನ್ನು ಸದಸ್ಯರು ಚೆನ್ನಾಗಿ ತಿಳಿಯಬೇಕು. ನಮ್ಮ ತೋಟಗಳಿಗೆ ಇದು ಹೆಚ್ಚು ಅನ್ವಯಿಸುವ ಮಾತು. ಮನೆಗೆ ಒಂದು ಆರ್.ಆರ್. ನಂಬರು, ಕಣಕ್ಕೆ ಬೇರೊಂದು. ಮನೆಯ ಅರ್ಥಿಂಗ್ ಗುಂಡಿ ಬೇರೆ, ಕಣದ ಗುಂಡಿ ಬೇರೆ. ಸಿಡಿಲು ನೆಲಕ್ಕಿಳಿದಾಗ ಆ ಜಾಗದ ನೆಲದ ವೋಲ್ಟೇಜು ಒಂದು ಕ್ಷಣ ವಿಪರೀತ ಏರುತ್ತದೆ. ಇನ್ನೂರು ಅಡಿ ಆಚೆಯ ನೆಲದಲ್ಲಿ ಅಷ್ಟು ಏರುವುದಿಲ್ಲ. ನಡುವೆ ಇರುವ ತಾಮ್ರದ ತಂತಿ ಈ ಎರಡು ನೆಲಗಳಿಗೆ ಸೇತುವೆಯಾಗುತ್ತದೆ. ನೆಟ್ ಯಂತ್ರಗಳ ಬಾಯಿಯಲ್ಲಿ 1500 ವೋಲ್ಟ್ ತಡೆಯುವ ಏರ್ಪಾಡು ಇರುತ್ತದೆ. ಸಿಡಿಲಿನ ಮುಂದೆ ಅದು ಯಾವ ಲೆಕ್ಕ? ಸರ್ಜ್ ತಡೆಯುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ, ಪ್ರಯೋಜನವೂ ಇದೆ, ಆದರೆ ಎರಡೂ ತುದಿಯ ಅರ್ಥಿಂಗ್ ಗಟ್ಟಿ ಇದ್ದರೆ ಮಾತ್ರ. ಏಪ್ರಿಲ್ ತಿಂಗಳಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ನೀರು ಹುಯ್ದು ಎಷ್ಟು ದಿನವಾಯಿತೆಂದು ಎದೆ ಮುಟ್ಟಿ ಹೇಳಿ ನೋಡೋಣ. ಸಿಡಿಲಿನ ಕಾಲವೂ ಅದೇ.

ಹೀಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಮೀಟರು, ಬೇರೆ ಅರ್ಥಿಂಗ್ ಇದ್ದರೆ ನಡುವೆ ತಾಮ್ರ ಹಾಕಲೇಬಾರದು, ಫೈಬರ್ ಹಾಕಬೇಕು. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಓಡುವುದು ಬೆಳಕು, ವಿದ್ಯುತ್ತಲ್ಲ. ಸಿಡಿಲಿಗೆ ಅದು ದಾರಿ ಕೊಡುವುದಿಲ್ಲ. ದೂರದ ಚಿಂತೆಯೂ ಇಲ್ಲ. ತಾಮ್ರದ ನೆಟ್ ಕೇಬಲ್ಲಿಗೆ 100 ಮೀಟರು, ಅಂದರೆ ಸುಮಾರು 330 ಅಡಿ, ಗರಿಷ್ಠ ಮಿತಿ. ಅದರಾಚೆಗೆ ಯಾವ ಅಂಗಡಿಯವರು ಏನು ಹೇಳಿದರೂ ನಂಬಬೇಡಿ. ಗಾಜಿಗೆ ಕಿಲೋಮೀಟರುಗಳೂ ಲೆಕ್ಕಕ್ಕಿಲ್ಲ. ಅದು ಶ್ರೀಮಂತರ ವಸ್ತು ಎಂಬ ಮಾತು ಸಭೆಯಲ್ಲಿ ಬಂತು. ಮೀಟರಿನ ಲೆಕ್ಕದಲ್ಲಿ ಸಾಧಾರಣ ಫೈಬರ್ ಶುದ್ಧ ತಾಮ್ರದ ಕೇಬಲ್ಲಿಗಿಂತ ಅಗ್ಗವೇ. ದುಡ್ಡು ಕೇಳುವುದು ಎರಡು ತುದಿಯ ಪರಿವರ್ತಕ ಪೆಟ್ಟಿಗೆಗಳು ಮತ್ತು ಎಳೆ ಬೆಸೆಯುವ ಕೂಲಿ. ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬರುವ ಸಿದ್ಧ ಕೇಬಲ್ ತಂದರೆ ಬೆಸುಗೆಯ ಗೋಜೂ ಇಲ್ಲ. ಅಳೆದದ್ದಕ್ಕಿಂತ ಐದು ಮೀಟರು ಉದ್ದದ್ದನ್ನೇ ತನ್ನಿ. ಉಳಿದದ್ದನ್ನು ಸುತ್ತಿಡಬಹುದು, ಕಡಿಮೆ ಬಿದ್ದದ್ದನ್ನು ಎಳೆದು ಉದ್ದ ಮಾಡಲಾಗದು.

ಫೈಬರಿನಲ್ಲೂ ಒಂದು ಮೋಸವಿದೆ. ಕೆಲವದರ ಪಕ್ಕದಲ್ಲಿ ಕಂಬಕ್ಕೆ ಕಟ್ಟಲು ಉಕ್ಕಿನ ತಂತಿ ಇರುತ್ತದೆ, ಕೆಲವಕ್ಕೆ ಇಲಿ ಕಡಿಯದಂತೆ ಉಕ್ಕಿನ ಕವಚ. ಉಕ್ಕು ಬಂದರೆ ಸಿಡಿಲಿಗೆ ಮತ್ತೆ ದಾರಿಯಾಯಿತು. ಲೋಹವೇ ಇಲ್ಲದ ಕೇಬಲ್ ಕೇಳಿ ಪಡೆಯಿರಿ. ಇಲಿ, ಹೆಗ್ಗಣಗಳಿಗೆ ಪೈಪೇ ಕವಚ. ಇನ್ನೊಂದು ಮಾತು, ಗಾಜಿನಲ್ಲಿ ವಿದ್ಯುತ್ತು ಹೋಗುವುದಿಲ್ಲವಾದ್ದರಿಂದ ಎರಡೂ ತುದಿಯಲ್ಲಿ ಕರೆಂಟು ಬೇಕು, ಕರೆಂಟು ಹೋದಾಗ ಸಣ್ಣ ಬ್ಯಾಟರಿ ಬೇಕು. ತುದಿಯೊಳಗೆ ಕಣ್ಣಿಟ್ಟು ಇಣುಕಬಾರದು. ಆ ಬೆಳಕು ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಕೆಡುಕು. ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು.

ತಾಮ್ರಕ್ಕೆ ಜಾಗವೇ ಇಲ್ಲವೆಂದಲ್ಲ. ಮನೆಯ ಕರೆಂಟಿನಲ್ಲೇ ನಡೆಯುವ ಕೊಟ್ಟಿಗೆ, ಅಂಗಳದಾಚೆಯ ಅಡಿಕೆ ಬೇಯಿಸುವ ಕೊಟ್ಟಿಗೆಮಾಡು, ಸೂರಿನ ಕ್ಯಾಮೆರಾ, ಇವುಗಳಿಗೆ ತಾಮ್ರವೇ ಸಲೀಸು. ಆದರೆ ಅದು ಶುದ್ಧ ತಾಮ್ರದ ಕ್ಯಾಟ್ ಸಿಕ್ಸ್ ಆಗಿರಬೇಕು; ಹೊರಸಿಪ್ಪೆ ಕಪ್ಪು ಪಾಲಿಥೀನಿನದಾಗಿರಬೇಕು; ಒಳಗೆ ಜೆಲ್ಲಿ ತುಂಬಿರಬೇಕು. ಹಿಂದೆ ನೆಲದಡಿಯ ಟೆಲಿಫೋನ್ ಕೇಬಲ್ಲಿಗೆ ತುಂಬುತ್ತಿದ್ದಂಥದೇ ಜೆಲ್ಲಿ. ಹಲಸಿನ ಮೇಣದಂತೆ ಕೈಗೆ ಹತ್ತುತ್ತದೆ, ತುದಿ ಕಟ್ಟುವ ಹುಡುಗರು ಬೈಯುತ್ತಾರೆ, ಬೈದುಕೊಳ್ಳಲಿ. ಪೈಪಿನಲ್ಲಿ ಹಾಕಿದ ಮೇಲೆ ಜೆಲ್ಲಿ ಯಾಕೆ ಎಂದು ಕೇಳುವವರಿದ್ದಾರೆ. ನೂರು ಇಂಚು ಮಳೆ ಹೊಯ್ಯುವ ಊರಿನಲ್ಲಿ ನೆಲದೊಳಗಿನ ಪೈಪು ನೀರಿಲ್ಲದೆ ಇರುತ್ತದೆಂದು ನಂಬುವವರು ನಮ್ಮ ಬಾವಿಯನ್ನು ಒಮ್ಮೆ ಆಗಸ್ಟಿನಲ್ಲಿ ಬಂದು ನೋಡಲಿ.

ತಂತಿಯೇ ಬೇಡ, ಗಾಳಿಯಲ್ಲೇ ಕಳಿಸುವ ಡಬ್ಬಿಗಳಿವೆ ಎಂದವರೂ ಇದ್ದಾರೆ. ಗದ್ದೆ ಬಯಲಿನಾಚೆ ಕಣ ಕಣ್ಣಿಗೆ ನೇರ ಕಾಣುವಂತಿದ್ದರೆ ಧಾರಾಳವಾಗಿ ಹಾಕಿ, ಅಗೆಯುವ ಖರ್ಚೂ ಉಳಿಯುತ್ತದೆ. ನಡುವೆ ಸಿಲ್ವರ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದರೆ, ನೆನೆದ ಎಲೆಗಳು ಆ ಅಲೆಗಳನ್ನು ಕುಡಿದುಬಿಡುತ್ತವೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಮಳೆಗಾಲದಲ್ಲಿ ಮೋಸಹೋದವರು ನಮ್ಮ ಸಂಘದಲ್ಲೇ ಇದ್ದಾರೆ.

ಅಗೆಯುವ ವಿಷಯ. ಈ ಕೆಲಸದಲ್ಲಿ ಹೆಚ್ಚು ನುಂಗುವುದು ಆಳಿನ ಕೂಲಿಯೇ. ಕೆಟ್ಟ ಕೇಬಲ್ಲಿಗೂ ಅಷ್ಟೇ ಕಾಲುವೆ, ಒಳ್ಳೆಯದಕ್ಕೂ ಅಷ್ಟೇ. ಒಂದೂವರೆ ಅಡಿ ಆಳವಾದರೂ ಬೇಕು. ಗೊಬ್ಬರ ಹಾಕುವ ಗುದ್ದಲಿ ಮುಟ್ಟಬಾರದು. ಒಂದಿಂಚಿನ ಕರಿ ಪೈಪು ಹಾಕಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ. ಮುಂದೆ ಬೇರೆ ಕೇಬಲ್ ಎಳೆಯಬೇಕಾದರೆ ಮತ್ತೆ ಅಗೆಯಬೇಕಾಗಿಲ್ಲ. ಮೋಟಾರಿನ ಲೈನಿನಿಂದ ಒಂದಡಿಯಾದರೂ ದೂರ, ಬೇರೆ ಪೈಪಿನಲ್ಲಿ. ಸೋಲಾರ್ ಬೇಲಿಯ ಕಂಬಗಳಿಗಂತೂ ನೆಟ್ ಕೇಬಲ್ ಕಟ್ಟಲೇಬೇಡಿ. ನೆಲದೊಳಗೆ ಜೋಡಣೆ ಕೂಡದು, ತುದಿಯಿಂದ ತುದಿಗೆ ಒಂದೇ ತುಂಡು. ಮೂಲೆಯಲ್ಲಿ ಪೈಪನ್ನು ಮುರಿದಂತೆ ಬಗ್ಗಿಸದೆ ಎತ್ತಿನಗಾಡಿ ತಿರುಗುವಷ್ಟು ಸಾವಕಾಶವಾಗಿ ತಿರುಗಿಸಿ. ಗೋಡೆ ಹೊಗುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಜೋತುಬಿಟ್ಟು ಮೇಲಕ್ಕೆ ಒಯ್ಯಿರಿ. ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಮುಚ್ಚುವ ಮೊದಲು ಮನೆಯ ಮೂಲೆಯಿಂದ ಎಷ್ಟಡಿ, ಯಾವ ಮರದ ಬುಡದಿಂದ ಎಷ್ಟಡಿ ಎಂದು ಬರೆದಿಟ್ಟುಕೊಳ್ಳಿ. ನಾವು ಬರೆದಿಡಲಿಲ್ಲ; ಮೂರನೆಯ ಸಲ ಅಗೆಯುವಾಗ ನಮ್ಮದೇ ನೀರಿನ ಪೈಪು ಒಡೆದೆವು.

ಆ ಮೂರನೆಯ ಸಲ ಹಾಕಿದ್ದು ಫೈಬರ್. 2023ರ ಮೇ ತಿಂಗಳಿನಿಂದ ಅದರ ಕಡೆ ತಿರುಗಿ ನೋಡಿಲ್ಲ.

ಇನ್ನು ಸಂಘದ ಮಾತು. ಇಲ್ಲಿ ಕೊಂಡ ಗೊಬ್ಬರವನ್ನು ಸದಸ್ಯರು ಮುದ್ರೆ ನೋಡದೆ ಒಯ್ಯುತ್ತಾರೆ, ಸಂಘ ಕೊಟ್ಟದ್ದೆಂಬ ನಂಬಿಕೆಯಿಂದ. ಆ ನಂಬಿಕೆಯ ಮೇಲೆ ಬಿಳಿ ತಂತಿಗೆ ಕೆಂಪು ಬಳಿದದ್ದನ್ನು ಮಾರಲು ಕಾರ್ಯದರ್ಶಿಯಾಗಿ ನಾವು ಸಹಿ ಹಾಕಲಾರೆವು. ತರಿಸುವುದಾದರೆ ಶುದ್ಧ ತಾಮ್ರದ್ದು ಒಂದು ಬಗೆ, ಲೋಹವಿಲ್ಲದ ಫೈಬರ್ ಒಂದು ಬಗೆ, ಎರಡೇ ಸಾಕು. ಅದಕ್ಕಿಂತ ಮುಖ್ಯವಾಗಿ, ತುದಿ ಕಟ್ಟುವ ಇಕ್ಕಳ, ಪರೀಕ್ಷಿಸುವ ಯಂತ್ರ ಒಂದೊಂದನ್ನು ಸಂಘ ಕೊಂಡು, ದೋಟಿ, ಸ್ಪ್ರೇಯರುಗಳಂತೆ ಬಾಡಿಗೆಗೆ ಕೊಡಬೇಕು. ಊರಿನ ಇಬ್ಬರು ಹುಡುಗರಿಗೆ ಕೆಲಸ ಕಲಿಸಬೇಕು. ಎರಡೆಕರೆಯವರಿಗೆ ಪೇಟೆಯಿಂದ ಆಳು ಕರೆಸುವ ಶಕ್ತಿ ಇರುವುದಿಲ್ಲ. ಮುಂದಿನ ಸಭೆಯಲ್ಲಿ ಈ ವಿಷಯ ಮತ್ತೆ ಬರುತ್ತದೆ. ಒಪ್ಪದವರು ಬಂದು ವಾದಿಸಲಿ, ಈ ಸಲ ಊಟಕ್ಕೆ ಮೊದಲೇ ಎತ್ತಿಕೊಳ್ಳೋಣ.

ಅಲ್ಲಿಯವರೆಗೆ, ಕೊಯ್ಲು ಮುಗಿಸಿ ಕಾಲುವೆ ತೋಡಿಸಬೇಕೆಂದಿರುವವರು ಸಂತೆಯ ದಿನ ಕಚೇರಿಗೆ ಬನ್ನಿ. ನಮ್ಮ ಮನೆಯ ಮೂರೂ ಕೇಬಲ್ಲುಗಳ ತುಂಡುಗಳನ್ನು ಮೇಜಿನ ಮೇಲೆ ಇಟ್ಟಿರುತ್ತೇವೆ. ಕೆರೆದು ನೋಡಲು ಚಾಕು ಅಲ್ಲೇ ಇದೆ. ಮನೆಗೂ ಕಣಕ್ಕೂ ಎಷ್ಟಡಿ ಎಂದು ಅಳೆದುಕೊಂಡು ಬಂದರೆ ಸಾಕು.